ಮೇಲೆ ಹೊರಟ ನೀರು

"ಪತ್ತೇದಾರಿ ಕಚೇರಿ ಅಂತ ದೊಡ್ಡದಾಗಿ ಬೋರ್ಡ್ ಹಾಕ್ಕೊಂಡಿದೀಯ, ಒಂದು ಬೆಟ್ಟ ಹತ್ತೋಕಾಗಲ್ಲ ನಿನಗೆ," ಎಂದಳು ಅಮ್ಮ, ಮೇಲಿನ ತಿರುವಿನಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು.

ಉತ್ತರಕ್ಕೆ ಉಸಿರು ಬೇಕು, ನನ್ನಲ್ಲಿದ್ದ ಉಸಿರೆಲ್ಲ ಮೊಣಕಾಲಿಗೇ ಖರ್ಚಾಗುತ್ತಿತ್ತು. ಒಂದು ಕೈಯಲ್ಲಿ ನೀರು ತುಂಬಿದ ಕ್ಯಾನ್, ಇನ್ನೊಂದು ಕೈಯಲ್ಲಿ ಸಿಕ್ಕ ಸಿಕ್ಕ ಬೇರು. ತರಗೆಲೆ ಎಷ್ಟು ಒಣಗಿತ್ತೆಂದರೆ ಹೆಜ್ಜೆ ಇಟ್ಟಲ್ಲೆಲ್ಲ ಹಪ್ಪಳ ಮುರಿದ ಸದ್ದು.

"ಪಾಪ, ಬೈಬೇಡಿ ಅಮ್ಮಾ. ಕೂತು ಮಾಡೋ ಕೆಲಸ ಅವರದ್ದು," ಎಂದು ಹಿಂದಿನಿಂದ ನಕ್ಕರು ಹಲ್ಲಿನ ಡಾಕ್ಟರು.

ನಮ್ಮ ಬೀದಿಯ ಕೊನೆಯಲ್ಲಿ ಅವರ ದವಾಖಾನೆ. ಹಲ್ಲು ಕೀಳುವ ಮೊದಲು ರೋಗಿಯನ್ನು ನಗಿಸುವುದು ಅವರ ಪದ್ಧತಿ. ಬಾಯಿ ತಾನಾಗಿ ತೆರೆಯುತ್ತದಂತೆ. ಅಮ್ಮನ ವಾಕಿಂಗ್ ಗುಂಪಿಗೆ ಅವರೇ ಮುಂದಾಳು. ಗುಂಡಗಿನ ಮನುಷ್ಯ, ತಲೆಗೆ ಯಾವಾಗಲೂ ಅಗಲ ಅಂಚಿನ ಟೋಪಿ. ಇವತ್ತು ದವಾಖಾನೆಗೆ ಬೀಗ ಹಾಕಿ, ನಮ್ಮ ಜೊತೆ ತಾವೂ ಒಂದು ಕ್ಯಾನ್ ಹೊತ್ತು ಬಂದಿದ್ದರು.

ನಾವು ಬಂದ ಕೆಲಸ ಒಂದೇ. ಹೋದ ತಿಂಗಳು ಇದೇ ಕಾಡಿನಲ್ಲಿ ತಲೆ ತಿರುಗಿ ಬಿದ್ದಿದ್ದ ಅಮ್ಮನನ್ನು ಯಾರೋ ಬೆನ್ನ ಮೇಲೆ ಹೊತ್ತು ಇಳಿಸಿ, ಕಾಡಿನ ಗೇಟಿನ ಬೆಂಚಿನ ಮೇಲೆ ಮಲಗಿಸಿ, ತಮ್ಮ ಶಾಲು ಹೊದಿಸಿ ಮಾಯವಾಗಿದ್ದರು. ಅದೇ ಮಧ್ಯಾಹ್ನ ಬೆಟ್ಟದ ಬುಡದ ಮರದ ಡಿಪೊ ಹೊತ್ತಿ ಉರಿದು, ಅಲ್ಲಿನ ವಾಚ್‌ಮನ್ ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾನೆ. ಹೊಗೆ ಕಂಡ ಕೂಡಲೇ ಫೋನ್ ಮಾಡಬೇಕಾದವನು ಶಿಖರದ ಟವರಿನ ಕಾವಲುಗಾರ. ಅವನ ಫೋನ್ ಬಂದದ್ದು ಎಲ್ಲ ಮುಗಿದ ಮೇಲೆ. "ನಾನು ಟವರಿನಲ್ಲೇ ಇದ್ದೆ, ಹೊಗೆ ನೋಡಲಿಲ್ಲ" ಎಂದಷ್ಟೇ ಹೇಳಿ ಬಾಯಿ ಮುಚ್ಚಿದ್ದಾನೆ. ನಾಳೆ ಬೆಳಗ್ಗೆ ವಿಚಾರಣೆ. ಕೆಲಸ ಹೋಗುವುದು ಖಂಡಿತ, ಜೈಲೂ ಆಗಬಹುದು ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು.

ನನ್ನ ಲೆಕ್ಕ ಸರಳವಾಗಿತ್ತು. ಅವನು ಹೊಗೆ ನೋಡಲಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಅವನ ಬೆನ್ನ ಮೇಲೆ ನನ್ನ ಅಮ್ಮ ಇದ್ದಳು. ಅದನ್ನು ಹೇಳಿಕೊಳ್ಳಲು ಸಂಕೋಚ. ಹೇಗಾದರೂ ಅವನ ಬಾಯಲ್ಲಿ ಆ ಮಾತು ಹೊರಡಿಸಿ, ನಾಳೆ ವಿಚಾರಣೆಯಲ್ಲಿ ಹೇಳಿಸಬೇಕು.

ನನ್ನ ಕಚೇರಿ ಅಮ್ಮನ ಹೊಲಿಗೆ ಅಂಗಡಿಯ ಮೇಲಿದೆ. ಅವಳ ಮಿಷನ್ನಿನ ಸದ್ದು ನೆಲದಿಂದ ಕುರ್ಚಿಗೆ, ಕುರ್ಚಿಯಿಂದ ನನ್ನ ಬೆನ್ನಿಗೆ ಏರುತ್ತದೆ. ವರ್ಷಗಟ್ಟಲೆ ಅದನ್ನು ಬೈದುಕೊಂಡೇ ಕೆಲಸ ಮಾಡಿದವಳು ನಾನು. ಅಮ್ಮ ಆಸ್ಪತ್ರೆಯಲ್ಲಿದ್ದ ಆ ವಾರ ಮಿಷನ್ ಮಾತಾಡಲಿಲ್ಲ, ನನಗೆ ಒಂದು ಸಾಲು ಓದಲಾಗಲಿಲ್ಲ. ಆ ಸದ್ದನ್ನು ವಾಪಸ್ ತಂದುಕೊಟ್ಟವರಿಗೆ ನಾನು ಈ ಜನ್ಮದಲ್ಲಿ ಏನು ಕೊಟ್ಟರೂ ಕಡಿಮೆಯೇ.

ಅರ್ಧ ದಾರಿಯ ಬಂಡೆ ಬಂತು. ಟೇಬಲ್ಲಿನಷ್ಟು ಚಪ್ಪಟೆ ಬಂಡೆ. ಅದರ ಮೇಲೆ ಯಾರೋ ಬಿಟ್ಟುಹೋದ ತುಂಬಿದ ಕ್ಯಾನುಗಳು ಸಾಲಾಗಿ ಕೂತಿದ್ದವು.

"ಇದ್ಯಾಕೆ ಇಲ್ಲಿ?" ಎಂದೆ, ಕೂತು.

"ಸುಸ್ತಾದೋರು ಇಟ್ಟು ಹೋಗಿದ್ದು," ಎಂದಳು ಅಮ್ಮ. "ಮೇಲೆ ನೀರಿನ ಸೆಲೆ ಇಲ್ಲ. ಗೇಟಿನಲ್ಲಿ ತುಂಬಿಟ್ಟಿರ್ತಾರೆ, ಹತ್ತೋರೆಲ್ಲ ಒಂದೊಂದು ಹೊತ್ಕೊಂಡು ಹೋಗಿ ಟವರಿಗೆ ಕೊಡಬೇಕು. ಆಗದೇ ಇದ್ರೆ ಈ ಬಂಡೆ ಮೇಲಿಟ್ಟು ಬರಿಗೈಲಿ ಇಳೀಬೇಕು. ಮೇಲೆ ಹೊರಟ ನೀರನ್ನ ವಾಪಸ್ ತರೋ ಹಾಗಿಲ್ಲ, ಚೆಲ್ಲೋ ಹಾಗಂತೂ ಇಲ್ಲವೇ ಇಲ್ಲ."

"ಚೆಲ್ಲಿದ್ರೆ?"

"ಚೆಲ್ಲಿದೋರನ್ನ ನಾನು ಇವತ್ತಿನವರೆಗೂ ಕಂಡಿಲ್ಲ. ಅಲ್ಲೊಬ್ಬ ಮನುಷ್ಯ ಆ ನೀರಲ್ಲಿ ಅನ್ನ ಮಾಡ್ಕೊಳ್ತಾನೆ ಕಣೇ."

ಡಾಕ್ಟರು ಬಂಡೆಯ ಮೇಲೆ ಕೈಯೂರಿದರು. "ನಮ್ಮ ಗುಂಪಿನ ಶಿಖರ ಇದೇ ನೋಡಿ. ಇಲ್ಲಿಂದ ಮೇಲೆ ನಾನು ಕಾಲಿಟ್ಟೋನಲ್ಲ. ಎತ್ತರ ಅಂದ್ರೆ ನನಗೆ ಆಗಲ್ಲ. ಇವತ್ತು ನಿಮ್ಮಮ್ಮನ ಮಾತಿಗೆ ಕಟ್ಟುಬಿದ್ದು ಬಂದಿದೀನಿ. ಟವರಿನ ಬುಡದವರೆಗೆ ಮಾತ್ರ, ಮೆಟ್ಟಿಲು ಹತ್ತು ಅಂತ ಹೇಳಬೇಡಿ."

ಅಮ್ಮ ಚೀಲದಿಂದ ಆ ಬೂದು ಬಣ್ಣದ ಶಾಲನ್ನು ತೆಗೆದು ಮತ್ತೆ ಮಡಚಿದಳು. ಒಗೆದು, ಹರಿದಿದ್ದ ಅಂಚನ್ನು ಕಾಣದ ಹಾಗೆ ಹೊಲಿದು, ಇಸ್ತ್ರಿ ಮಾಡಿ ತಂದಿದ್ದಳು. ನನಗೆ ನೆನಪಾಗಿ ಪರ್ಸಿನಿಂದ ಕಪ್ಪು ಹೇರ್‌ಪಿನ್ ತೆಗೆದೆ.

"ತಗೋ, ನಿಂದು. ಆ ಶಾಲಿನ ಮಡಿಕೆಯಲ್ಲಿ ಸಿಕ್ಕಿಹಾಕ್ಕೊಂಡಿತ್ತು."

ಅಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ತಲೆ ಬಗ್ಗಿಸಿ ತೋರಿಸಿದಳು. ಹೋದ ವರ್ಷದ ಜ್ವರದ ಮೇಲೆ ಅವಳು ಕೂದಲನ್ನು ಹುಡುಗರ ಹಾಗೆ ಕತ್ತರಿಸಿಕೊಂಡಿದ್ದಾಳೆ. ದಿನಾ ಎರಡು ಹೊತ್ತು ಆ ತಲೆಯನ್ನು ಎದುರಿಗಿಟ್ಟುಕೊಂಡು ಊಟ ಮಾಡುವವಳು ನಾನು.

"ಇದನ್ನ ಎಲ್ಲಿ ಸಿಕ್ಕಿಸ್ಕೊಳ್ಳಲಿ ಹೇಳು, ಮೂಗಿಗಾ?"

ನನ್ನ ಕಿವಿ ಬಿಸಿಯಾಯಿತು. ಅಂಗೈಯಲ್ಲಿ ನೆಲ್ಲಿಕಾಯಿ ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಪತ್ತೇದಾರಿಕೆ.

"ಅಂದ್ರೆ ಹೊತ್ತು ತಂದಿದ್ದು ಹೆಂಗಸಾ?" ಎಂದರು ಡಾಕ್ಟರು, ಟೋಪಿ ಸರಿಮಾಡಿಕೊಳ್ಳುತ್ತ.

"ಗಂಡಸು ಅಂತ ನಾನು ಯಾವತ್ತೂ ಹೇಳಲಿಲ್ಲಪ್ಪ. ಕಣ್ಣು ಮುಚ್ಚಿತ್ತು, ಬೆನ್ನು ಬೆಚ್ಚಗಿತ್ತು, ಅಷ್ಟೇ ಗೊತ್ತು," ಎಂದಳು ಅಮ್ಮ. "ನೀವೇ ಅಂದುಕೊಂಡ್ರಿ ಗಂಡಸು ಅಂತ."

ಡಾಕ್ಟರು ಮೊದಲು ಎದ್ದರು. ಬಂಡೆ ದಾಟಿದ ಮೇಲೆ ದಾರಿ ಎರಡಾಗಿ ಒಡೆಯುತ್ತದೆ. ಎರಡೂ ಒಂದೇ ಥರ, ಎರಡರ ಮೇಲೂ ಅದೇ ತರಗೆಲೆ. ನಾನು ಯಾವುದೆಂದು ಕೇಳಬೇಕೆನ್ನುವಷ್ಟರಲ್ಲಿ ಅವರು ಯಾವುದೋ ರೋಗಿಯ ದವಡೆಹಲ್ಲಿನ ಕಥೆ ಹೇಳುತ್ತಲೇ ಎಡಕ್ಕೆ ತಿರುಗಿ ನಡೆದಿದ್ದರು. ನಾವು ಹಿಂದೆ ನಡೆದೆವು.

ಅವರು ಸ್ವಲ್ಪ ಮುಂದಾದಾಗ ಅಮ್ಮ ನನ್ನ ತೋಳು ಹಿಡಿದಳು. "ಆ ಮನುಷ್ಯನಿಗೂ ಒಂದು ಒಳ್ಳೇ ಪಂಚೆ ತರಬೇಕು ಕಣೇ. ಅವತ್ತು ಬಿಸಿಲು ಅಂತ ನನ್ನನ್ನ ನೆರಳಿನ ದಾರೀಲಿ ಕಳಿಸಿದ್ದೇ ಅವರು. ಅಲ್ಲೇ ನನಗೆ ತಲೆ ತಿರುಗಿತು. ನಾನು ಕಾಣಿಸ್ತಿಲ್ಲ ಅಂತ ಕಾಡೆಲ್ಲ ಅಲೆದಿದಾರೆ ಪಾಪ. ಬೆಂಚಿನ ಮೇಲೆ ಕಣ್ಣು ಬಿಟ್ಟಾಗ ಮೊದಲು ಕಂಡಿದ್ದು ಅವರೇ. ಖಾಲಿ ಕ್ಯಾನ್ ಗೇಟಿನ ಕೊಕ್ಕೆಗೆ ಹಾಕಿ ನನ್ನ ಹತ್ರ ಓಡಿ ಬಂದ್ರು. ಕಣ್ಣಲ್ಲಿ ನೀರಿತ್ತು."

"ತರೋಣಮ್ಮ," ಎಂದೆ. ನಿಜಕ್ಕೂ ತರಬೇಕು ಅನ್ನಿಸಿತ್ತು.

ಮರಗಳು ಸರಿದು ಆಕಾಶ ಕಾಣಿಸಿತು. ನಾಲ್ಕು ಕಬ್ಬಿಣದ ಕಾಲಿನ ಮೇಲೆ, ಸುತ್ತಲೂ ಗಾಜಿನ ಕಿಟಕಿಯಿರುವ ಒಂದೇ ಕೋಣೆ. ಕೋಣೆಯಿಂದ ಹೊರಟ ಫೋನಿನ ತಂತಿ ಮೆಟ್ಟಿಲ ಪಕ್ಕದಲ್ಲೇ ಇಳಿದು ಮರದ ಕಂಬಕ್ಕೆ ಹೋಗಿತ್ತು. ಬುಡದಲ್ಲಿ ನೆರಳಿನ ಬೆಂಚು. ಡಾಕ್ಟರು ಅದರ ಮೇಲೆ ಕಾಲು ಚಾಚಿ ಮಲಗಿಯೇಬಿಟ್ಟರು.

"ನೀವು ಹೋಗಿ ಬನ್ನಿ. ನನ್ನ ಕ್ಯಾನ್ ಇಲ್ಲೇ ಇರಲಿ, ಎರಡನೇ ಸಲಕ್ಕೆ ತಗೊಂಡು ಹೋದ್ರಾಯ್ತು. ಏನು ಹೇಳಿದ ಅಂತ ಬಂದು ನನಗೂ ಹೇಳಿ," ಎಂದು ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡರು.

ಮೆಟ್ಟಿಲು ಹತ್ತುವಾಗ ಅಮ್ಮ ನನ್ನ ಮುಂದೆಯೇ ಇದ್ದಳು. ಅದನ್ನು ಹೆಚ್ಚು ವಿವರಿಸುವುದಿಲ್ಲ.

ಬಾಗಿಲಲ್ಲಿ ನಿಂತಿದ್ದವನು ಆರಡಿಯ ಆಳು, ನರೆತ ಗಡ್ಡ, ಒಗೆದ ಖಾಕಿ ಅಂಗಿ. "ಬನ್ನಿ, ನೀರು ತಂದ್ರಾ? ನಿಮಗೆ ಪುಣ್ಯ ಬರಲಿ," ಎಂದು ಕೈ ಚಾಚಿದ. ನಾನು ಕ್ಯಾನ್ ಕೊಟ್ಟೆ. ಮೂಲೆಯ ಡ್ರಮ್ಮಿನ ಬಾಯಿಯನ್ನು ಎಡಗೈಯಲ್ಲಿ ಮುಟ್ಟಿ ನೋಡಿ, ಒಂದು ಹನಿ ಆಚೆ ಬೀಳದ ಹಾಗೆ ಸುರಿದ.

ಕೋಣೆ ಚೊಕ್ಕಟವಾಗಿತ್ತು. ಒಂದು ಮಂಚ, ಒಂದು ಒಲೆ, ಗೋಡೆಗೆ ಫೋನ್. ನಡುವೆ ದುಂಡು ಮೇಜು, ಅದರ ಮೇಲೆ ಕಾಡಿನ ನಕ್ಷೆ. ಮೇಜಿನ ಅಂಚಿಗೆ ತಿರುಗುವ ಒಂದು ಕಂಬಿ. ಅದರ ತೂತಿನಿಂದ ನೋಡಿ ಹೊಗೆ ಯಾವ ದಿಕ್ಕಿನಲ್ಲಿದೆ ಎಂದು ಗುರುತಿಸುತ್ತಾರೆ. ಆ ಮೇಜು ನನ್ನ ಹೊಟ್ಟೆಯ ಮಟ್ಟಕ್ಕಿತ್ತು. ಇಷ್ಟೆತ್ತರದ ಮನುಷ್ಯ ಅದರೊಳಗೆ ನೋಡಬೇಕಾದರೆ ಮಂಡಿಯೂರಬೇಕು.

ಅಮ್ಮ ಸ್ಟೂಲನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಕೂತಳು.

"ಕೂತ್ಕೊಳ್ಳಿ ಅಮ್ಮಾ, ಸ್ಟೂಲ್ ಇದೆ," ಎಂದ ಅವನು, ಸ್ಟೂಲ್ ಇಲ್ಲದ ಕಡೆ ಕೈ ತೋರಿಸಿ.

ಅಮ್ಮ ನನ್ನನ್ನು ನೋಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟೆ.

ಅವನು ಕುಡಿಯಲು ನೀರು ಬಗ್ಗಿಸಿದ. ಲೋಟದ ಅಂಚಿನಿಂದ ಒಳಗೆ ಒಂದು ಬೆರಳು ಇಳಿಬಿಟ್ಟು, ನೀರು ಬೆರಳಿಗೆ ತಾಗಿದ ಕೂಡಲೇ ನಲ್ಲಿ ನಿಲ್ಲಿಸಿದ. ನಾನು ಲೋಟ ತೆಗೆದುಕೊಂಡೆ. ಬೆಟ್ಟ ಹತ್ತಿ ಬಂದ ನೀರಿನಷ್ಟು ರುಚಿಯಾದದ್ದನ್ನು ನಾನು ಕುಡಿದಿಲ್ಲ.

"ನಾನು ಯಾಕೆ ಬಂದೆ ಅಂತ ನಿಮಗೆ ಗೊತ್ತಿರಬಹುದು," ಎಂದೆ. "ಅವತ್ತು ಗೇಟಿನವರೆಗೆ ಹೊತ್ತು ತಂದಿದ್ದು ನಮ್ಮಮ್ಮನನ್ನ. ಅದನ್ನ ನಾಳೆ ಹೇಳಿ. ಒಂದು ಜೀವ ಉಳಿಸೋಕೆ ಟವರ್ ಬಿಟ್ಟು ಇಳಿದೆ ಅಂದ್ರೆ ಯಾರೂ ನಿಮ್ಮನ್ನ ಜೈಲಿಗೆ ಹಾಕಲ್ಲ. ನಾವಿಬ್ಬರೂ ಬಂದು ಸಾಕ್ಷಿ ಹೇಳ್ತೀವಿ."

"ನಾನು ಯಾರನ್ನೂ ಹೊರಲಿಲ್ಲ ಮೇಡಂ. ಇಲ್ಲೇ ಇದ್ದೆ."

"ಇಲ್ಲೇ ಇದ್ದು ಹೊಗೆ ನೋಡಲಿಲ್ವಾ?"

"ನೋಡಲಿಲ್ಲ."

"ನಿದ್ದೆ ಬಂದಿತ್ತಾ?"

"ಹಗಲು ಮಲಗೋ ಅಭ್ಯಾಸ ನನಗಿಲ್ಲ."

ನಾನು ಕಿಟಕಿಯ ಹತ್ತಿರ ಹೋದೆ. ಕೆಳಗೆ ಹಸಿರು, ಅದರಾಚೆ ಕಂದು ಬಯಲು, ಕಲ್ಲಿನ ಕ್ವಾರಿಯ ಬಿಳಿ ಗಾಯ. ಮೇಲೆ ಚೊಕ್ಕ ಆಕಾಶ.

"ಅಗೋ, ಕ್ವಾರಿ ಪಕ್ಕದಲ್ಲಿ ಹೊಗೆ ಏಳ್ತಿದೆಯಲ್ಲ, ಅದೇನು?"

ಅವನು ಪಟ್ಟನೆ ಮುಖವನ್ನು ಆ ಕಡೆ ತಿರುಗಿಸಿದ. "ಅದು ಇಟ್ಟಿಗೆ ಭಟ್ಟಿ ಮೇಡಂ. ದಿನಾ ಇರುತ್ತೆ."

ಅಮ್ಮ ಕಿಟಕಿ ನೋಡಿದಳು.

"ಅಲ್ಲಿ ಹೊಗೆ ಇಲ್ಲ," ಎಂದೆ. "ನಾನು ಸುಳ್ಳು ಹೇಳಿದೆ."

ಅವನು ಅಮ್ಮನಿಗೆಂದು ಬಗ್ಗಿಸಿ ಹಿಡಿದಿದ್ದ ಲೋಟವನ್ನು ಹುಷಾರಾಗಿ, ತಡವಿ, ಕಟ್ಟೆಯ ಮೇಲಿಟ್ಟ. ನನಗೆ ನಾಚಿಕೆಯಾಯಿತು. ಕೇಸು ಬಗೆಹರಿದರೆ ನನಗೆ ಖುಷಿಯಾಗುವುದು ವಾಡಿಕೆ, ಇವತ್ತು ಆಗಲಿಲ್ಲ.

"ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದವಳು ಅಮ್ಮ.

"ಸಾಕು ಬಿಡಿ, ಅವರನ್ನ ಕೇಳಬೇಡಿ. ನಾನು ಹೇಳ್ತೀನಿ," ಎಂಬ ದನಿ ಬಾಗಿಲಿನಿಂದ ಬಂತು.

ಸೌದೆಯ ಹೊರೆ ಇಳಿಸುತ್ತ ಒಬ್ಬ ಹೆಂಗಸು ನಿಂತಿದ್ದಳು. ನನ್ನ ಭುಜದೆತ್ತರಕ್ಕೂ ಇಲ್ಲ, ಆದರೆ ಬೆನ್ನು ಬಾಗಿಲಿನಷ್ಟು ಅಗಲ. ಬಿಗಿಯಾಗಿ ಸುತ್ತಿದ ಗಂಟಿಗೆ ಒಂದು ಕಡೆ ಕಪ್ಪು ಹೇರ್‌ಪಿನ್, ಇನ್ನೊಂದು ಕಡೆ ಅದಕ್ಕೆ ಬದಲು ಒಂದು ಕಡ್ಡಿ.

ಅಮ್ಮ ಎದ್ದಳು. ಶಾಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅವಳ ಹತ್ತಿರ ಹೋದಳು. ಕೊಡಲಿಲ್ಲ, ಅವಳ ಹಿಂದೆ ಹೋಗಿ, ಕಣ್ಣು ಮುಚ್ಚಿ, ಅವಳ ಬೆನ್ನಿಗೆ ಕೆನ್ನೆ ಆನಿಸಿದಳು.

"ಇದೇ," ಎಂದಳು. "ಇದೇ ಬೆನ್ನು."

ಅಮ್ಮ ಅಳುವುದನ್ನು ನಾನು ನೋಡಿದ್ದು ಕಡಿಮೆ. ಆ ಹೆಂಗಸಿನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. "ನನ್ನ ತಾಯಿ ಇರಬೇಕು ನೀನು. ಈ ಕೈಗೆ ನಾನು ಏನು ಕೊಡಲಿ ಹೇಳವ್ವಾ. ನನ್ನ ಮಗಳಿಗೆ ನನ್ನ ಬಿಟ್ರೆ ಯಾರೂ ಇಲ್ಲ. ಇವತ್ತು ಅವಳು ನನ್ನ ಮೇಲೆ ರೇಗ್ತಾಳೆ ಅಂದ್ರೆ ಅದು ನಿನ್ನಿಂದ."

"ಏನೂ ಬೇಡಮ್ಮ," ಎಂದಳು ಅವಳು ನಾಚಿಕೊಂಡು. "ಸ್ವಲ್ಪ ಊಟ ಕಮ್ಮಿ ಮಾಡಿ. ಎಷ್ಟು ಭಾರ ಇದ್ರಿ ಗೊತ್ತಾ?"

ಅಮ್ಮ ಅಳುತ್ತಲೇ ನಕ್ಕಳು. ನಾನೂ. ನಾನು ಏನು ಹೇಳಿದೆನೋ ನೆನಪಿಲ್ಲ. ಆ ಹೇರ್‌ಪಿನ್ನನ್ನು ಅವಳ ಕೈಗಿಟ್ಟೆ, ಅದು ನೆನಪಿದೆ.

ಆಮೇಲೆ ಅವಳು ಎಲ್ಲ ಹೇಳಿದಳು. ಗಂಡನಿಗೆ ಮೊದಲು ದೂರದ್ದು ಮಸುಕಾಯಿತು, ಆಮೇಲೆ ಹತ್ತಿರದ್ದೂ. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಇರಲು ಸೂರಿಲ್ಲ. ಹಾಗಾಗಿ ಇವಳೇ ಕಿಟಕಿಯ ಮುಂದೆ ನಿಂತಳು. ಮೇಜಿನ ಕಾಲು ಕತ್ತರಿಸಿ ತನ್ನೆತ್ತರಕ್ಕೆ ಇಳಿಸಿಕೊಂಡಳು. ನೋಡುವುದು ಅವಳು, ಫೋನಿನಲ್ಲಿ ಮಾತಾಡುವುದು ಅವನು. ಈವರೆಗೆ ಇವಳ ಕಣ್ಣು ತಪ್ಪಿ ಒಂದು ಹೊಗೆಯೂ ಎದ್ದಿಲ್ಲ.

"ಅವತ್ತು ನಾನು ಇಳಿದೆ. ಅದಕ್ಕೇ ತಪ್ಪಿತು," ಎಂದಳು.

ಅಮ್ಮನ ಮುಖ ಸಪ್ಪಗಾಯಿತು. "ನನ್ನಿಂದ ಅಂತಾಯ್ತು."

"ಅದಕ್ಕೇ ಹೇಳಲಿಲ್ಲ ನಾನು," ಎಂದ ಕಾವಲುಗಾರ. ಮೊದಲ ಸಲ ಅವನ ದನಿ ಏರಿತು. "ನನ್ನ ಕೆಲಸ ಹೋಗಲಿ, ಜೈಲಿಗೂ ಹೋಗ್ತೀನಿ. ಆ ಸುಟ್ಟ ಮನುಷ್ಯನ ಮನೆಯೋರು ಇವಳ ಹೆಸರು ಹಿಡಿದು ಶಾಪ ಹಾಕಬಾರದು. ಜೀವ ಉಳಿಸಿ ಬಂದವಳಿಗೆ ಅದು ಸಲ್ಲದು."

ಅವಳು ಅವನ ತೋಳಿನ ಮೇಲೆ ಕೈಯಿಟ್ಟಳು. "ಇವರು ಹೀಗೇ. ಆದ್ರೆ ಅಕ್ಕಾ, ನಾನು ಕಿಟಕಿನ ಅನಾಥ ಬಿಟ್ಟು ಇಳಿದವಳಲ್ಲ. ನೋಡೋಕೆ ಕಣ್ಣಿರೋರನ್ನ ಕೂರಿಸಿಯೇ ಇಳಿದೆ."

ನನ್ನ ಬೆನ್ನು ನೆಟ್ಟಗಾಯಿತು. "ಯಾರನ್ನ?"

"ನೀರು ತಂದಿದ್ದ ಒಬ್ಬರು. 'ಕೆಳಗೆ ನೆರಳಿನ ದಾರೀಲಿ ಒಬ್ಬರು ಹೆಂಗಸು ಬಿದ್ದಿದ್ದಾರೆ, ನನ್ನ ಕೈಲಿ ಎತ್ತೋಕಾಗಲ್ಲ' ಅಂತ ಓಡಿ ಬಂದ್ರು. 'ನೀವು ಹೋಗಿ, ನಾನು ಕಿಟಕಿ ನೋಡ್ತೀನಿ' ಅಂದ್ರು. ಹೊಗೆ ಕಂಡ್ರೆ ಇವರಿಗೆ ಹೇಳಿ ಅಂತ ಹೇಳಿ, ಅವರ ನೀರು ಡ್ರಮ್ಮಿಗೆ ಸುರಿದು, ಖಾಲಿ ಕ್ಯಾನ್ ಅವರ ಕೈಗೆ ಕೊಟ್ಟು ಓಡಿದೆ."

"ನಾನು ಕೇಳ್ತಾನೇ ಇದ್ದೆ," ಎಂದ ಕಾವಲುಗಾರ. "ಏನಾದ್ರೂ ಕಾಣ್ತಿದೆಯಾ ಸ್ವಾಮಿ ಅಂತ. ಏನೂ ಇಲ್ಲ, ಆರಾಮಾಗಿರಿ ಅಂತ ಅಂದ್ರು. ನಡುವೆ ತಮಾಷೆ ಮಾಡಿ ನಗಿಸಿದ್ರು. ಆಮೇಲೆ ಬರ್ತೀನಿ ಅಂತ ಇಳಿದು ಹೋದ್ರು. ಅವರು ಹೋದ ಮೇಲೆ ಗಾಳಿ ತಿರುಗಿತು. ಆಗ ನನಗೆ ಹೊಗೆ ವಾಸನೆ ಬಂತು."

"ನೋಡೋಕೆ ಹೇಗಿದ್ರು?"

"ಗುಂಡಗೆ," ಎಂದಳು ಅವಳು. "ಅಗಲ ಟೋಪಿ. ಒಳ್ಳೇ ಮಾತು."

ನಾನು ಅಮ್ಮನ ಕಡೆ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ, ನಾವಿಬ್ಬರೂ ಮನಸ್ಸಿನಲ್ಲಿ ಒಂದೇ ಕ್ಯಾನನ್ನು ನೋಡುತ್ತಿದ್ದೆವು, ಗೇಟಿನ ಕೊಕ್ಕೆಗೆ ತೂಗುಹಾಕಿದ ಆ ಖಾಲಿ ಕ್ಯಾನನ್ನು.

ಅರ್ಧ ದಾರಿಯಲ್ಲಿ ತಿರುಗಿದವರು ಬರಿಗೈಯಲ್ಲಿ ಇಳಿಯುತ್ತಾರೆ. ನೀರನ್ನು ಯಾರೂ ವಾಪಸ್ ತರುವುದಿಲ್ಲ, ಚೆಲ್ಲುವುದಿಲ್ಲ. ಖಾಲಿ ಕ್ಯಾನ್ ಸಿಗುವುದು ಈ ಕೋಣೆಯಲ್ಲಿ ಮಾತ್ರ. ಬಂಡೆ ದಾಟಿ ಕಾಲಿಟ್ಟವನಲ್ಲ ಎಂದವರು, ಎಡದ ದಾರಿಯನ್ನು ಕೇಳದೆಯೇ ತಿಳಿದವರು, ಅಭ್ಯಾಸಬಲದಿಂದ ಖಾಲಿ ಕ್ಯಾನನ್ನು ತಂದು, ಸಭ್ಯರ ಹಾಗೆ, ಅದರ ಜಾಗದಲ್ಲೇ ತೂಗುಹಾಕಿದ್ದರು. ಯಾಕೋ ಗೊತ್ತಿಲ್ಲ, ಆದರೆ ಡಿಪೊ ಉರಿದು ಮುಗಿಯುವವರೆಗೆ ಆ ಹೊಗೆ ಯಾರಿಗೂ ತಿಳಿಯಬಾರದೆಂದು ಬೇಕೆಂದೇ ಕಿಟಕಿ ಹಿಡಿದು ಕೂತವರು ಅವರೇ.

"ನಮ್ಮ ಡಾಕ್ಟ್ರು," ಎಂದಳು ಅಮ್ಮ ಮೆಲ್ಲಗೆ. "ನಾನು ಬಿದ್ದಿದೀನಿ ಅಂತ ಹೇಳಿದ್ದೂ ಅವರೇ. ಹೇಳದೇ ಇದ್ದಿದ್ರೆ ನಾನು ಅಲ್ಲೇ ಸಾಯ್ತಿದ್ದೆ. ಅವರಿಗೂ ನಾನು ಕೈಮುಗೀಬೇಕೇನೇ?"

"ನಿನ್ನನ್ನ ಆ ದಾರಿಗೆ ಕಳಿಸಿದ್ದೂ ಅವರೇ," ಎಂದೆ.

ಅಮ್ಮ ಶಾಲಿನ ತಾನೇ ಹೊಲಿದ ಅಂಚನ್ನು ಬೆರಳಿನಿಂದ ಸವರಿದಳು.

"ಕೆಳಗೆ ಬೆಂಚಿನ ಮೇಲೆ ಟೋಪಿ ಮುಚ್ಕೊಂಡು ಮಲಗಿದ್ರಲ್ಲ," ಎಂದಳು ಕಾವಲುಗಾರನ ಹೆಂಡತಿ ತಡೆದು ತಡೆದು. "ನಾನು ಸೌದೆ ದಾರೀಲಿ ಬರ್ತಾ ನೋಡಿದೆ. ಅವರು ನಿಮ್ಮ ಜೊತೆಯೋರಾ?"

ನಾನು ಬಾಗಿಲಿಗೆ ಓಡಿದೆ. ಮೇಲಿನಿಂದ ಬೆಂಚು ಕಾಣುವುದಿಲ್ಲ, ಮೆಟ್ಟಿಲ ತಿರುವಿನವರೆಗೆ ಇಳಿಯಬೇಕಾಯಿತು.

ಬೆಂಚು ಖಾಲಿ. ಪಕ್ಕದಲ್ಲಿ ಡಾಕ್ಟರ ಕ್ಯಾನ್ ಮಗುಚಿ ಬಿದ್ದಿತ್ತು. ಅದರ ಸುತ್ತ ನೆಲ ಕಪ್ಪಗೆ ನೆನೆದಿತ್ತು. ಮೆಟ್ಟಿಲ ಪಕ್ಕದ ಫೋನಿನ ತಂತಿ ನನ್ನ ಕೈಯೆತ್ತರದಲ್ಲಿ ತುಂಡಾಗಿ ನೇತಾಡುತ್ತಿತ್ತು.

ತಂತಿಗಿಂತ ಆ ನೀರು ನನ್ನನ್ನು ಹೆಚ್ಚು ಹೆದರಿಸಿತು. ಇವರಿಬ್ಬರ ಅನ್ನದ ನೀರನ್ನು ನೆಲಕ್ಕೆ ಸುರಿದವನಿಗೆ ಇನ್ನು ಯಾವ ಮುಖವಾಡವೂ ಬೇಕಿಲ್ಲ.

"ಅಕ್ಕಾ," ಎಂದು ಮೇಲಿನಿಂದ ಅವಳು ಕರೆದಳು. ದನಿಯಲ್ಲಿ ಗಾಬರಿ ಇರಲಿಲ್ಲ, ಕೆಲಸ ಇತ್ತು. "ಹೊಗೆ. ದಾರಿ ಎರಡಾಗೋ ಕಡೆ. ಗಾಳಿ ನಮ್ಮ ಕಡೆಗಿದೆ."

ನಾನು ಮೇಲೆ ಬರುವಷ್ಟರಲ್ಲಿ ಅವಳು ಕಂಬಿಯನ್ನು ತಿರುಗಿಸಿ ಗುರುತು ಮಾಡಿದ್ದಳು. ಸತ್ತ ಫೋನನ್ನು ಒಮ್ಮೆ ಕಿವಿಗಿಟ್ಟು, ವಾಪಸ್ ಇಟ್ಟು, ಗೋಡೆಯ ಕನ್ನಡಿಯನ್ನು ಮೊಳೆಯಿಂದ ತೆಗೆದುಕೊಂಡಳು.

"ಆಚೆ ಬೆಟ್ಟದ ಮೇಲೆ ಇನ್ನೊಂದು ಟವರ್ ಇದೆ. ಬಿಸಿಲಿಗೆ ಇದನ್ನ ಹಿಡಿದು ಮಿಂಚಿಸ್ತಿರ್ತೀನಿ. ಅಲ್ಲಿ ಯಾರಾದ್ರೂ ಕಿಟಕಿ ಹತ್ರ ಇದ್ರೆ ಕಾಣುತ್ತೆ. ನೀವು ಮೂವರೂ ಸೌದೆ ದಾರೀಲಿ ಇಳಿದುಬಿಡಿ. ಈ ಸಲ ನಾನು ಕಿಟಕಿ ಬಿಡಲ್ಲ."

"ನೀನಿಲ್ಲದೆ ನಾನು ಇಳಿಯಲ್ಲ," ಎಂದ ಕಾವಲುಗಾರ.

ಅಮ್ಮ ಇಸ್ತ್ರಿ ಮಾಡಿದ ಆ ಶಾಲನ್ನು ಡ್ರಮ್ಮಿನ ನಲ್ಲಿಯ ಕೆಳಗೆ ಹಿಡಿದಳು. ಯಾರ್ಯಾರೋ ಹೊತ್ತು ತಂದ ನೀರು ಅದರ ಮಡಿಕೆ ಮಡಿಕೆಗೂ ಇಳಿಯಿತು. ಹಿಂಡದೆ ಹಾಗೇ ತಂದು ಅವನ ತಲೆ, ಭುಜದ ಮೇಲೆ ಹೊದಿಸಿದಳು.

"ಏಳಿ ಅಣ್ಣಾ. ನಿಮ್ಮ ಮನೆಯವಳು ನನ್ನನ್ನ ಇಳಿಸಿದ ದಾರಿ ನನಗೆ ಗೊತ್ತಿಲ್ಲ, ಕಣ್ಣು ಮುಚ್ಚಿತ್ತು. ನಿಮಗೆ ದಾರಿ ಗೊತ್ತು, ನನಗೆ ಕಣ್ಣಿದೆ. ನಾಳೆ ವಿಚಾರಣೆಗೆ ನೀವು ಜೀವಂತ ನಿಂತ್ರೆ ತಾನೇ ಇವಳ ಪರ ಮಾತಾಡೋದು? ನನ್ನ ಮಗಳು ಇಲ್ಲಿ ಇವಳ ಜೊತೆ ಇರ್ತಾಳೆ."

ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ. ಅಮ್ಮನನ್ನು ಬೆನ್ನ ಮೇಲೆ ಹೊತ್ತವಳನ್ನು ಒಂಟಿಯಾಗಿ ಬಿಟ್ಟು ಇಳಿದರೆ, ಆಮೇಲೆ ಆ ಮಿಷನ್ನಿನ ಸದ್ದನ್ನು ನಾನು ಯಾವ ಕಿವಿಯಲ್ಲಿ ಕೇಳಲಿ?

ಹೆಂಡತಿ ಗಂಡನ ಕೈ ಹಿಡಿದು ಅಮ್ಮನ ಕೈಗೆ ಕೊಟ್ಟಳು. ಇಬ್ಬರೂ ಇಳಿದರು, ಮೆಟ್ಟಿಲ ಮೇಲೆ ಅವನ ಬರಿಗಾಲು, ಅಮ್ಮನ ಚಪ್ಪಲಿ. "ಮುಂದೆ ಬೇರು ಇದೆ," "ಇಲ್ಲಿ ಬಲಕ್ಕೆ," ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಟವರಿನ ಹಿಂದಿನ ಪೊದೆಗಳೊಳಗೆ ಸೇರಿದರು.

ನಾನು ಕಿಟಕಿಗೆ ಬಂದು ದುರ್ಬೀನು ಹಿಡಿದೆ. ಹೊಗೆ ಈಗ ಕಂದು ಬಣ್ಣಕ್ಕೆ ತಿರುಗಿತ್ತು. ನನ್ನ ಪಕ್ಕದಲ್ಲಿ ಕನ್ನಡಿ ಮಿಂಚುತ್ತಿತ್ತು, ನಿಲ್ಲುತ್ತಿತ್ತು, ಮಿಂಚುತ್ತಿತ್ತು. ಆಚೆ ಬೆಟ್ಟದಿಂದ ಉತ್ತರ ಬರಲಿಲ್ಲ.

"ಅವರು ಮಲಗಿದ್ದ ಬೆಂಚಿನಿಂದ," ಎಂದೆ ಇದ್ದಕ್ಕಿದ್ದಂತೆ, "ನೀನು ಸೌದೆ ತಂದ ದಾರಿ ಕಾಣುತ್ತಾ?"

ಅವಳ ಕೈ ನಿಂತಿತು. "ಕಾಣುತ್ತೆ. ನಾನು ಅವರ ಮುಂದೇನೇ ಬಂದೆ."

ಆಗಲೇ ಟವರಿನ ಹಿಂದೆ, ಪೊದೆಗಳಾಚೆಯಿಂದ, ಆ ನಗುವಿನ ದನಿ ಏರಿ ಬಂತು. "ಅಮ್ಮಾ, ಅಲ್ಲಿ ಹೊಗೆ ಜಾಸ್ತಿ. ಈ ಕಡೆ ಬನ್ನಿ, ನೆರಳಿದೆ. ನಾನಿದೀನಿ."

ನಾನು 'ಅಮ್ಮಾ' ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಉತ್ತರ ಕೇಳಿಸಿತು. ಅಳತೆ ಕೊಟ್ಟು ಬಟ್ಟೆ ಒಯ್ಯಲು ಬಾರದ ಗಿರಾಕಿ ಕೊನೆಗೂ ಬಾಗಿಲಿಗೆ ಬಂದಾಗ, ಲೆಕ್ಕ ಚುಕ್ತಾ ಮಾಡುವ ಮೊದಲು ಅವಳು ಆಡುವ ದನಿ ಅದು, ಬೆಲ್ಲದಷ್ಟು ಸಿಹಿ.

"ಬಂದೆ ಡಾಕ್ಟ್ರೇ. ಅಲ್ಲೇ ನಿಂತಿರಿ."